ಹ್ಯಾಸ್ಕೆಲ್‌ನಲ್ಲಿ ಕನ್ನಡ ಹೆಸರಿಗೆ ಯಾವ ಟೈಪ್? ಸ್ಟ್ರಿಂಗ್, ಟೆಕ್ಸ್ಟ್, ಬೈಟ್‌ಸ್ಟ್ರಿಂಗ್ ಹೋಲಿಕೆ

'ದಾವಣಗೆರೆ' ಅನ್ನೋ ಒಂದು ಹೆಸರನ್ನು ಹ್ಯಾಸ್ಕೆಲ್ ಅನ್ನೋ ಫಂಕ್ಷನಲ್ ಭಾಷೆಯ ಪ್ರೋಗ್ರಾಮಿನಲ್ಲಿ ಇಡೋಕೆ ಐದು ದಾರಿಗಳಿವೆ: ಸ್ಟ್ರಿಂಗ್, ಸ್ಟ್ರಿಕ್ಟ್ ಟೆಕ್ಸ್ಟ್, ಲೇಜಿ ಟೆಕ್ಸ್ಟ್, ಸ್ಟ್ರಿಕ್ಟ್ ಬೈಟ್‌ಸ್ಟ್ರಿಂಗ್, ಲೇಜಿ ಬೈಟ್‌ಸ್ಟ್ರಿಂಗ್. ಸ್ಟ್ರಿಕ್ಟ್ ಅಂದರೆ ಇಡೀ ಪಠ್ಯ ಒಮ್ಮೆಲೇ ಮೆಮೊರಿಗೆ, ಲೇಜಿ ಅಂದರೆ ಬೇಕಾದ ಹಾಗೆ ತುಂಡುತುಂಡಾಗಿ. ಇವಲ್ಲದೆ ಬಿಲ್ಡರ್, ಶಾರ್ಟ್‌ಬೈಟ್‌ಸ್ಟ್ರಿಂಗ್ ಅಂತ ಬಾಲಂಗೋಚಿಗಳು ಬೇರೆ. ಜಾವಾ, ಪೈಥಾನ್ ಕಡೆಯಿಂದ ಬಂದವರಿಗೆ ಇದು ಸುಮ್ನೆ ತಲೆನೋವು ಅನಿಸುತ್ತದೆ.

ಯಾವುದು ಎಷ್ಟು ವೇಗ ಅನ್ನೋದರ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಆದರೆ ಕನ್ನಡದ ಹೆಸರು, ಊರು, ವಿಳಾಸ ಹಿಡಿದು ಕೆಲಸ ಮಾಡುವವರಿಗೆ ವೇಗಕ್ಕಿಂತ ಮೊದಲು ಇನ್ನೊಂದು ಚಿಂತೆ ಇದೆ. ತಪ್ಪು ಟೈಪ್ ಹಿಡಿದರೆ ಅಕ್ಷರವೇ ಕೆಡುತ್ತದೆ. ಕಂಪೈಲರ್ ಒಂದು ಮಾತೂ ಆಡುವುದಿಲ್ಲ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಕೆಲಸವನ್ನು ಮುಂದಿಟ್ಟುಕೊಳ್ಳೋಣ. ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಒಂದು ದಲ್ಲಾಲಿ ಅಂಗಡಿ. ಮೆಕ್ಕೆಜೋಳ ತಂದ ರೈತರ ಹೆಸರು, ಊರು, ಚೀಲ, ತೂಕ, ದರ ಇರುವ ಎಕ್ಸೆಲ್ ಹಾಳೆ ಅವರ ಹತ್ತಿರ ಇದೆ. ಅದನ್ನು ಓದಿ, ಊರುವಾರು ಜೋಡಿಸಿ, ಒಬ್ಬೊಬ್ಬರಿಗೂ ಲೆಕ್ಕದ ಪಟ್ಟಿ ಮುದ್ರಿಸಬೇಕು. ಚಿಕ್ಕ ಕೆಲಸ. ಆದರೆ ಹ್ಯಾಸ್ಕೆಲ್‌ನ ಅಕ್ಷರಲೋಕದ ಗುಂಡಿಗಳೆಲ್ಲ ಇದೇ ದಾರಿಯಲ್ಲಿ ಸಿಗುತ್ತವೆ.

ಅವಸರದಲ್ಲಿ ಇರುವವರಿಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಪ್ರೋಗ್ರಾಮಿನ ಒಳಗೆ ಸ್ಟ್ರಿಕ್ಟ್ ಟೆಕ್ಸ್ಟ್. ಕಡತ, ನೆಟ್‌ವರ್ಕ್, ಪ್ರಿಂಟರ್ ಹತ್ತಿರ ಬೈಟ್‌ಸ್ಟ್ರಿಂಗ್. ಕಲಿಯುವಾಗ ಸ್ಟ್ರಿಂಗ್. ಲೇಜಿ ಜೋಡಿ ಅಪರೂಪಕ್ಕೆ. ಆದರೆ ಕನ್ನಡಕ್ಕೆ ಇದು ಅರ್ಧ ಉತ್ತರ ಅಷ್ಟೇ. ನಾವು 'ಅಕ್ಷರ' ಅಂತ ಕರೆಯುವುದನ್ನು ಈ ಐದರಲ್ಲಿ ಯಾವುದೂ ಅರಿಯದು. ಆ ಭಾಗವನ್ನು ನಾವೇ ಬರೆದುಕೊಳ್ಳಬೇಕು.

ಸ್ಟ್ರಿಂಗ್: ಕಲಿಯೋಕೆ ಚೆಂದ, ಹೊರೆ ಜಾಸ್ತಿ

ಹ್ಯಾಸ್ಕೆಲ್‌ನ ಸ್ಟ್ರಿಂಗ್ ಅಂದರೆ ಕ್ಯಾರೆಕ್ಟರ್‌ಗಳ ಲಿಸ್ಟ್, ಅಷ್ಟೇ. ಬೇರೆ ಏನೂ ಇಲ್ಲ. ಅದಕ್ಕೇ ಮ್ಯಾಪ್, ಫಿಲ್ಟರ್, ಪ್ಯಾಟರ್ನ್ ಮ್ಯಾಚಿಂಗ್ ಎಲ್ಲ ಪುಕ್ಕಟೆ ಸಿಗುತ್ತದೆ. ಲಿಸ್ಟ್ ಕಲಿತವರು ಸ್ಟ್ರಿಂಗ್ ಕಲಿತ ಹಾಗೇ. ಕಾಲೇಜಿನ ಲ್ಯಾಬ್, ಪಜಲ್, ಹತ್ತು ಸಾಲಿನ ಸ್ಕ್ರಿಪ್ಟ್ ಇವಕ್ಕೆ ನಾನು ಇವತ್ತಿಗೂ ಸ್ಟ್ರಿಂಗ್ ಅನ್ನೇ ಹೇಳುತ್ತೇನೆ. ಮೊದಲ ದಿನವೇ ಪ್ಯಾಕೇಜು, ಇಂಪೋರ್ಟು ಅಂತ ಹೆದರಿಸಿದರೆ ಯಾರೂ ಎರಡನೇ ದಿನ ಬರುವುದಿಲ್ಲ.

ತೊಂದರೆ ಇರುವುದು ಮೆಮೊರಿಯಲ್ಲಿ. 64 ಬಿಟ್ ಯಂತ್ರದಲ್ಲಿ ಲಿಸ್ಟಿನ ಒಂದೊಂದು ಕೊಂಡಿಗೆ 24 ಬೈಟ್ ಬೇಕು. ಅದರೊಳಗಿನ ಕ್ಯಾರೆಕ್ಟರ್‌ಗೆ ಇನ್ನೂ 16. ಇಂಗ್ಲಿಷ್ ಅಕ್ಷರಗಳಿಗೆ ಈ 16 ಉಳಿತಾಯ ಆಗುತ್ತದೆ. ಯೂನಿಕೋಡ್ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ, ಅಂದರೆ ಸಂಕೇತ, ಕೊಟ್ಟಿದೆ; 256ರ ಒಳಗಿನ ಸಂಕೇತಗಳನ್ನು ಹ್ಯಾಸ್ಕೆಲ್ ಕಂಪೈಲರ್ ಆದ ಜಿಎಚ್‌ಸಿ ಮೊದಲೇ ಮಾಡಿಟ್ಟುಕೊಂಡು, ಎಲ್ಲರಿಗೂ ಅದನ್ನೇ ಹಂಚುತ್ತದೆ. ಕನ್ನಡದ ಸಂಕೇತಗಳು 3200ರಿಂದ ಮೇಲಕ್ಕೆ ಇವೆ. ಹಾಗಾಗಿ ನಮಗೆ ಆ ರಿಯಾಯಿತಿ ಇಲ್ಲ.

ಲೆಕ್ಕ ಹಾಕೋಣ. 'ದಾವಣಗೆರೆ' ಪದದಲ್ಲಿ 8 ಕೋಡ್‌ಪಾಯಿಂಟ್‌ಗಳು, ಅಂದರೆ ಸಂಕೇತಗಳು, ಇವೆ: ದ, ದೀರ್ಘ, ವ, ಣ, ಗ, ಎತ್ವ, ರ, ಮತ್ತೆ ಎತ್ವ. ಒಂದಕ್ಕೆ 40 ಬೈಟ್ ಅಂದರೆ ಒಟ್ಟು 320. ಇದೇ ಪದ ಟೆಕ್ಸ್ಟ್‌ನಲ್ಲಿ 24 ಬೈಟ್ ಅಕ್ಷರ ಮತ್ತು 48 ಬೈಟ್ ತಲೆಭಾರ (ಓವರ್‌ಹೆಡ್) ಸೇರಿ 72 ಆಗುತ್ತದೆ. ನೂರು ರೈತರ ಪಟ್ಟಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಲಕ್ಷ ಸಾಲುಗಳ ಹಾಳೆಗೆ ಊರ ಹೆಸರಿನ ಕಾಲಂ ಒಂದೇ 3.2 ಕೋಟಿ ಬೈಟ್ ತಿನ್ನುತ್ತದೆ. ಗಾರ್ಬೇಜ್ ಕಲೆಕ್ಟರ್ ಆ ಕೊಂಡಿಗಳನ್ನೆಲ್ಲ ಒಂದೊಂದಾಗಿ ನೋಡಿಕೊಂಡು ಬರಬೇಕು, ಅದು ಬೇರೆ.

ಸ್ಟ್ರಿಂಗ್ ಬಳಸುವಾಗ ಕನ್ನಡಿಗರಿಗೆ ಮೊದಲು ಎದುರಾಗುವ ಬೆರಗು ಮಾತ್ರ ಮೆಮೊರಿಯದ್ದಲ್ಲ. ಇಂಜಿನಿಯರಿಂಗ್ ಓದುತ್ತಿರುವ ನಮ್ಮೂರಿನ ಹುಡುಗನೊಬ್ಬ ಸ್ಕ್ರೀನ್‌ಶಾಟ್ ಕಳಿಸಿ ಕೇಳಿದ್ದ, 'ಅಣ್ಣಾ, ಊರಿನ ಹೆಸರು ಕೊಟ್ರೆ ಬರೀ ನಂಬರ್ ಬರ್ತಾ ಐತಲ್ಲ, ಫಾಂಟ್ ಹಾಕ್ಬೇಕಾ?' ಫಾಂಟ್ ಏನೂ ಬೇಡ. ಅವನು ಪ್ರಿಂಟ್ ಬಳಸಿದ್ದ. ಪ್ರಿಂಟ್ ಮೊದಲು ಶೋ ಅನ್ನು ಕರೆಯುತ್ತದೆ. ಶೋ ಇಂಗ್ಲಿಷಿನಾಚೆಯ ಅಕ್ಷರಗಳನ್ನೆಲ್ಲ ಸಂಖ್ಯೆ ಮಾಡಿ ತೋರಿಸುತ್ತದೆ. 'ದಾ' ಅನ್ನೋದು \3238\3262 ಆಗುತ್ತದೆ. ಪುಟ್ ಸ್ಟ್ರಿಂಗ್ ಲೈನ್ ಬಳಸಿದರೆ ಕನ್ನಡವೇ ಬರುತ್ತದೆ. ಟೆಕ್ಸ್ಟ್‌ಗೂ ಇದೇ ಕತೆ. ಹಾಗಾಗಿ ಅದಕ್ಕೆ ಅದರದ್ದೇ ಪುಟ್ ಲೈನ್ ಬಳಸಿ. ಶೋ ಇರುವುದು ಪ್ರೋಗ್ರಾಮರ್‌ಗೆ ತೋರಿಸೋಕೆ, ರೈತರ ಕೈಗೆ ಕೊಡೋಕಲ್ಲ.

ಟೆಕ್ಸ್ಟ್: ಒಳಮನೆಗೆ ಇದೇ

ಟೆಕ್ಸ್ಟ್ ಅಂದರೆ ಒತ್ತಾಗಿ ಜೋಡಿಸಿಟ್ಟ ಯೂನಿಕೋಡ್ ಪಠ್ಯ. ಕೊಂಡಿ ಇಲ್ಲ, ಒಂದೇ ಉದ್ದ ತುಂಡು. ಹುಡುಕು, ಕತ್ತರಿಸು, ಬದಲಿಸು, ಅಂಚಿನ ಖಾಲಿ ಜಾಗ ತೆಗೆ, ಎಲ್ಲಕ್ಕೂ ಸಿದ್ಧ ಫಂಕ್ಷನ್‌ಗಳಿವೆ. ಜೇಸನ್‌ಗೆ ಬಳಸುವ ಏಸನ್ ಲೈಬ್ರರಿಯಿಂದ ಹಿಡಿದು ಇವತ್ತಿನ ಬಹುಪಾಲು ಲೈಬ್ರರಿಗಳು ಟೆಕ್ಸ್ಟ್ ಅನ್ನೇ ಕೇಳುತ್ತವೆ. ಟೆಕ್ಸ್ಟ್ ಹಿಡಿಯಲು ಇದೊಂದೇ ಕಾರಣ ಸಾಕು.

ಇದರ ಒಳಗೆ ಒಂದು ದೊಡ್ಡ ಬದಲಾವಣೆ ಆಗಿದೆ. ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಎರಡು ರೀತಿಗಳು ಯುಟಿಎಫ್-16, ಯುಟಿಎಫ್-8. ಮೊದಲು ಟೆಕ್ಸ್ಟ್ ಯುಟಿಎಫ್-16ರಲ್ಲಿ ಇರುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಬಂದ 2.0 ಆವೃತ್ತಿಯಿಂದ ಯುಟಿಎಫ್-8ಕ್ಕೆ ಬಂದಿದೆ. ಜಿಎಚ್‌ಸಿ 9.4ರ ಜೊತೆ ಬರುವುದು ಈ ಹೊಸದೇ. ಇಂಗ್ಲಿಷ್‌ಗೆ ಇದು ಶುದ್ಧ ಲಾಭ, ಎರಡು ಬೈಟ್ ಇದ್ದದ್ದು ಒಂದಾಯಿತು. ಕನ್ನಡಕ್ಕೆ? ಯುಟಿಎಫ್-16ರಲ್ಲಿ ಕನ್ನಡದ ಒಂದು ಕೋಡ್‌ಪಾಯಿಂಟ್‌ಗೆ 2 ಬೈಟ್, ಯುಟಿಎಫ್-8ರಲ್ಲಿ 3. ಅಂದರೆ 'ದಾವಣಗೆರೆ' 16 ಬೈಟಿನಿಂದ 24ಕ್ಕೆ ಏರಿತು. ನಮಗೆ ನಷ್ಟವಾಯಿತು ಅಂತ ಕೂಗಾಡಬಹುದು. ನಾನು ಕೂಗುವುದಿಲ್ಲ. ಕಡತವೂ ಯುಟಿಎಫ್-8, ನೆಟ್‌ವರ್ಕೂ ಯುಟಿಎಫ್-8. ಮೊದಲು ಒಳಗೆ ಬರುವಾಗ, ಹೊರಗೆ ಹೋಗುವಾಗ ಎರಡು ಸಲ ರೂಪ ಬದಲಿಸಬೇಕಿತ್ತು. ಈಗ ಬೈಟ್‌ಗಳು ಸರಿ ಇವೆಯಾ ಅಂತ ಪರೀಕ್ಷಿಸಿ ನಕಲು ಮಾಡಿದರೆ ಮುಗೀತು. ಸಾಲದ್ದಕ್ಕೆ ನಮ್ಮ ಹಾಳೆಯಲ್ಲಿ ತೂಕ, ದರ, ಫೋನ್ ನಂಬರ್, ಕಾಮಾಗಳೇ ಅರ್ಧಕ್ಕಿಂತ ಜಾಸ್ತಿ. ಅವೆಲ್ಲ ಒಂದೊಂದು ಬೈಟಿಗೆ ಇಳಿದಿವೆ. ಲೆಕ್ಕ ಸರಿಹೋಯಿತು.

ಟೆಕ್ಸ್ಟ್ ಬಳಸುವಾಗ ನೆನಪಿಡಬೇಕಾದವು ಕೆಲವಿವೆ. ಲೆಂಗ್ತ್ ಕೇಳಿದರೆ ಅದು ಮೊದಲಿಂದ ಕೊನೆಯವರೆಗೆ ಎಣಿಸುತ್ತದೆ. ಖಾಲಿ ಇದೆಯಾ ಅಂತ ನೋಡೋಕೆ ಲೆಂಗ್ತ್ ಬಳಸಬೇಡಿ, ನಲ್ ಬಳಸಿ. ನೂರನೇ ಸ್ಥಾನದಲ್ಲಿ ಏನಿದೆ ಅಂತ ಪದೇಪದೇ ಕೇಳುವ ಕೆಲಸಕ್ಕೆ ಟೆಕ್ಸ್ಟ್ ಒಗ್ಗುವುದಿಲ್ಲ. ಸಾಲಿಗೆ ಸಾಲು ಸೇರಿಸುತ್ತಾ ದೊಡ್ಡ ಪಠ್ಯ ಕಟ್ಟಿದರೆ ಪ್ರತಿ ಸಲ ಹಳೆಯದೆಲ್ಲ ನಕಲಾಗುತ್ತದೆ. ತುಂಡುಗಳನ್ನು ಲಿಸ್ಟಿನಲ್ಲಿ ಇಟ್ಟುಕೊಂಡು ಕೊನೆಗೆ ಕಾನ್‌ಕ್ಯಾಟ್ ಮಾಡಿ, ಇಲ್ಲವೇ ಬಿಲ್ಡರ್ ಹಿಡಿಯಿರಿ.

ಇನ್ನೊಂದು ಬೇಗ ಕಣ್ಣಿಗೆ ಬೀಳುವುದಿಲ್ಲ. ಟೆಕ್ಸ್ಟ್‌ನಿಂದ ಒಂದು ಚೂರು ಕತ್ತರಿಸಿದರೆ ಹೊಸ ಪ್ರತಿ ಆಗುವುದಿಲ್ಲ. ಮೂಲ ತುಂಡಿನ ಒಳಗೇ ಇಲ್ಲಿಂದ ಇಲ್ಲಿಗೆ ಅಂತ ಗುರುತು ಹಾಕಿಕೊಳ್ಳುತ್ತದೆ. ವೇಗಕ್ಕೆ ಒಳ್ಳೆಯದೇ. ಆದರೆ 50 ಎಂಬಿಯ ಹಾಳೆ ಓದಿ, ಒಬ್ಬ ರೈತನ ಹೆಸರನ್ನು ಮಾತ್ರ ಇಟ್ಟುಕೊಂಡರೆ, ಆ ಒಂದು ಹೆಸರಿಗಾಗಿ ಪೂರ್ತಿ 50 ಎಂಬಿ ಮೆಮೊರಿಯಲ್ಲಿ ಕೂತಿರುತ್ತದೆ. ಬಹಳ ಹೊತ್ತು ಉಳಿಯುವ ಚೂರುಗಳಿಗೆ ಕಾಪಿ ಫಂಕ್ಷನ್ ಕರೆಯಿರಿ. ಮೂಲ ಬಿಡುಗಡೆ ಆಗುತ್ತದೆ.

ಬೈಟ್‌ಸ್ಟ್ರಿಂಗ್: ಹೆಸರು ನೋಡಿ ಮೋಸ ಹೋಗಬೇಡಿ

ಬೈಟ್‌ಸ್ಟ್ರಿಂಗ್‌ನಲ್ಲಿ ಇರುವುದು 0ಯಿಂದ 255ರವರೆಗಿನ ಸಂಖ್ಯೆಗಳು, ಅಕ್ಷರಗಳಲ್ಲ. ಫೋಟೋ, ಪಿಡಿಎಫ್, ಸಾಕೆಟ್‌ನಿಂದ ಬಂದದ್ದು, ಹ್ಯಾಶ್, ಥರ್ಮಲ್ ಪ್ರಿಂಟರ್‌ಗೆ ಕಳಿಸುವ ಆಜ್ಞೆ, ಇವಕ್ಕೆಲ್ಲ ಇದೇ ಸರಿ. ಎಷ್ಟನೇ ಬೈಟ್ ಬೇಕಾದರೂ ತಕ್ಷಣ ಸಿಗುತ್ತದೆ. ಬರೀ ಅಂಕಿಗಳಿರುವ ದೊಡ್ಡ ಕಡತ ಓದೋಕೂ ಇದು ಚುರುಕು.

ಅಪಾಯ ಇರುವುದು ಕ್ಯಾರ್8 ಅನ್ನೋ ಮಾಡ್ಯೂಲಿನಲ್ಲಿ. ಅದು ಬೈಟ್‌ಸ್ಟ್ರಿಂಗ್‌ಗೆ ಅಕ್ಷರದ ವೇಷ ಹಾಕುತ್ತದೆ. ಪ್ಯಾಕ್ ಫಂಕ್ಷನ್‌ಗೆ 'ದಾವಣಗೆರೆ' ಕೊಟ್ಟರೆ ಅದು ಒಂದೊಂದು ಸಂಕೇತದ ಕೆಳಗಿನ 8 ಬಿಟ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ. ದೀರ್ಘ ಹೋಗಿ ಮುಕ್ಕಾಲು ಭಾಗದ ಚಿಹ್ನೆ ಬರುತ್ತದೆ. 'ವ' ಹೋಗಿ ಮೈಕ್ರೋ ಚಿಹ್ನೆ. 'ಣ' ಇದ್ದಲ್ಲಿ ಪೌಂಡ್ ಗುರುತು, 'ರ' ಇದ್ದಲ್ಲಿ ಡಿಗ್ರಿ ಗುರುತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಕ್ಯಾರ್8 ನಾನು ಮುಟ್ಟಲ್ಲ ಬಿಡಿ ಅಂದರೂ ತಪ್ಪಿಸಿಕೊಳ್ಳೋದು ಕಷ್ಟ. ಓವರ್‌ಲೋಡೆಡ್‌ಸ್ಟ್ರಿಂಗ್ಸ್ ಎಂಬ ಎಕ್ಸ್‌ಟೆನ್ಷನ್ ಹಾಕಿದರೆ ಕೋಟ್‌ಗಳೊಳಗಿನ ಬರಹ ಟೆಕ್ಸ್ಟ್ ಆಗಿಯೂ, ಬೈಟ್‌ಸ್ಟ್ರಿಂಗ್ ಆಗಿಯೂ ನಡೆಯುತ್ತದೆ. ಟೆಕ್ಸ್ಟ್ ಬಳಸುವವರೆಲ್ಲ ಅದನ್ನು ಹಾಕಿಕೊಂಡಿರುತ್ತಾರೆ. ಆಗ ಬೈಟ್‌ಸ್ಟ್ರಿಂಗ್ ಬೇಕಾದ ಜಾಗದಲ್ಲಿ ಕೋಡಿನಲ್ಲೇ ಕನ್ನಡ ಬರೆದರೆ ಇದೇ 8 ಬಿಟ್ ಕತ್ತರಿ ಬೀಳುತ್ತದೆ. ಸರ್ವರ್‌ನಿಂದ ಕನ್ನಡದ ಸಂದೇಶ ಕಳಿಸುವ ಕೋಡಿನಲ್ಲಿ ಇದನ್ನು ಬಹಳ ಕಡೆ ನೋಡಿದ್ದೇನೆ. ಸರಿಯಾದ ದಾರಿ ಒಂದೇ: ಟೆಕ್ಸ್ಟ್ ಎಂದು ಬರೆದು ಎನ್‌ಕೋಡ್ ಯುಟಿಎಫ್-8 ಮಾಡಿ.

ಹಾಳಾದ ಕಡತ ಕೈಯಲ್ಲಿದ್ದರೆ ಒಂದು ಸಮಾಧಾನ ಇದೆ. ಕನ್ನಡದ ಪಟ್ಟಿ 3200ರಿಂದ 3327ರವರೆಗೆ ಇರುವುದರಿಂದ, ಕತ್ತರಿಸಿದ ಮೇಲೆ ಉಳಿಯುವ ಬೈಟ್ ಯಾವಾಗಲೂ 128 ಅಥವಾ ಮೇಲೆ. ಇಂಗ್ಲಿಷ್ ಅದಕ್ಕಿಂತ ಕೆಳಗೆ. ಆದ್ದರಿಂದ 128 ಮತ್ತು ಮೇಲಿನ ಬೈಟ್‌ಗಳಿಗೆ 3072 ಕೂಡಿಸಿದರೆ ಕನ್ನಡ ವಾಪಸ್ ಬರುತ್ತದೆ! ಆದರೆ ದರದ ಮುಂದೆ ಯಾರಾದರೂ ₹ ಚಿಹ್ನೆ ಹಾಕಿದ್ದರೆ ಅದು 'ಹ' ಆಗಿ ಬಂದು ಕೂರುತ್ತದೆ. ಇಬ್ಬರ ಕೆಳಗಿನ 8 ಬಿಟ್ಟೂ ಒಂದೇ.

ಚಿಕ್ಕಚಿಕ್ಕ ಬೈಟ್ ತುಂಡುಗಳನ್ನು ಲಕ್ಷಗಟ್ಟಲೆ ಇಟ್ಟುಕೊಳ್ಳಬೇಕಾದರೆ ಶಾರ್ಟ್‌ಬೈಟ್‌ಸ್ಟ್ರಿಂಗ್ ನೋಡಿ. ಮಾಮೂಲಿ ಬೈಟ್‌ಸ್ಟ್ರಿಂಗ್ ಮೆಮೊರಿಯಲ್ಲಿ ಕೂತ ಜಾಗದಿಂದ ಕದಲುವುದಿಲ್ಲ, ಅದರಿಂದ ಅಲ್ಲಲ್ಲಿ ತೂತು ಉಳಿಯುತ್ತದೆ. ನಮ್ಮ ಪಟ್ಟಿಯ ಕೆಲಸಕ್ಕೆ ಇದು ಬೇಕಾಗುವುದಿಲ್ಲ.

ಬಾಗಿಲಲ್ಲಿ ಏನು ಮಾಡಬೇಕು

ಟೆಕ್ಸ್ಟ್ ಮಾಡ್ಯೂಲಿಗೆ ಸ್ವಂತ ಕಡತ ಓದುವ ಫಂಕ್ಷನ್ ಇದೆ. ಹಳೇ ರೀಡ್‌ಫೈಲ್ ಹಾಗೇ ಅದೂ ಯಂತ್ರದ ಲೊಕೇಲ್, ಅಂದರೆ ಭಾಷೆಯ ಸೆಟ್ಟಿಂಗ್, ನೋಡಿ ಎನ್‌ಕೋಡಿಂಗ್ ತೀರ್ಮಾನಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆದದ್ದು, ಅಂಗಡಿಯ ಹಳೇ ವಿಂಡೋಸ್ ಯಂತ್ರದಲ್ಲೋ, ಲೊಕೇಲ್ ಹಾಕದ ಸರ್ವರ್‌ನಲ್ಲೋ 'ಇನ್ವ್ಯಾಲಿಡ್ ಬೈಟ್ ಸೀಕ್ವೆನ್ಸ್' ಅಂತ ಬಿದ್ದುಹೋಗುತ್ತದೆ. ಕನ್ನಡ ಕಡತಕ್ಕೆ ಇದು ಮಾಮೂಲಿ.

ಅದಕ್ಕೇ ನಾನು ಓದುವುದು ಬೈಟ್‌ಸ್ಟ್ರಿಂಗ್ ಆಗಿ, ಆಮೇಲೆ ಡಿಕೋಡ್, ಅಂದರೆ ಬೈಟ್‌ನಿಂದ ಪಠ್ಯಕ್ಕೆ. ಟೆಕ್ಸ್ಟ್ 2.1ರಿಂದ ಯುಟಿಎಫ್-8 ಮಾತ್ರ ಓದುವ ಪ್ರತ್ಯೇಕ ಮಾಡ್ಯೂಲೂ ಬಂದಿದೆ, ಲೊಕೇಲ್ ಗೊಡವೆಯೇ ಇಲ್ಲ. ಡಿಕೋಡ್‌ನಲ್ಲಿ ಮೂರು ಬಗೆ. ಮೊದಲನೆಯದು ಕೆಟ್ಟ ಬೈಟ್ ಕಂಡರೆ ಎಕ್ಸೆಪ್ಶನ್ ಎಸೆಯುತ್ತದೆ. ಎರಡನೆಯದು, ಹೆಸರಿನ ಕೊನೆಗೆ ಒಂದು ಕೋಟ್ ಇರುವುದು, ಐದರ್ ಕೊಡುತ್ತದೆ, ಅಂದರೆ ತಪ್ಪು ಅಥವಾ ಪಠ್ಯ, ಎರಡರಲ್ಲಿ ಒಂದು. ಮೂರನೆಯದು ಲೀನಿಯೆಂಟ್, ಕೆಟ್ಟದ್ದರ ಜಾಗದಲ್ಲಿ ಪ್ರಶ್ನೆ ಗುರುತಿನ ಡೈಮಂಡ್ ಇಟ್ಟು ಮುಂದೆ ಹೋಗುತ್ತದೆ. ಲಾಗ್ ನೋಡೋಕೆ ಮೂರನೆಯದು ಸಾಕು. ರೈತರ ಹೆಸರು, ದುಡ್ಡಿನ ಪಟ್ಟಿಗೆ ಎರಡನೆಯದೇ ಆಗಬೇಕು. ಯಾವ ಸಾಲು ಕೆಟ್ಟಿದೆ ಅಂತ ಹೇಳಿ ನಿಲ್ಲಲಿ. ಹೆಸರಿನ ನಡುವೆ ಡೈಮಂಡ್ ಇರುವ ಪಟ್ಟಿ ಹಿಡಿದು ಯಾರು ಹಣ ಕೇಳುತ್ತಾರೆ?

ಎಕ್ಸೆಲ್‌ನಿಂದ 'ಸಿಎಸ್‌ವಿ ಯುಟಿಎಫ್-8' ಎಂದು ಉಳಿಸಿದರೆ ಕಡತದ ಮೊದಲಿಗೆ ಕಣ್ಣಿಗೆ ಕಾಣದ ಬಾಮ್ ಗುರುತು ಬರುತ್ತದೆ, ಸಂಕೇತ 65279. ಡಿಕೋಡ್ ಅದನ್ನು ತೆಗೆಯುವುದಿಲ್ಲ. 'ಹೆಸರು' ಅನ್ನೋ ಕಾಲಂ ಕಣ್ಣೆದುರೇ ಇದ್ದರೂ ಪ್ರೋಗ್ರಾಮ್ ಸಿಗುತ್ತಿಲ್ಲ ಎಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಇನ್ನು ನುಡಿ, ಬರಹದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಹಾಳೆ ಬಂದರೆ ಅದು ಯೂನಿಕೋಡೇ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಚಿತ್ರ ಹಚ್ಚಿದ್ದು. ಯಾವ ಟೈಪೂ ಅದನ್ನು ಸರಿ ಮಾಡದು. ಮೊದಲು ಕನ್ವರ್ಟರ್‌ಗೆ ಹಾಕಿ.

ಲೇಜಿ ಜೋಡಿ, ಬಿಲ್ಡರ್

ಇದನ್ನು ಬೇಗ ಮುಗಿಸೋಣ. ಲೇಜಿ ಟೆಕ್ಸ್ಟ್, ಲೇಜಿ ಬೈಟ್‌ಸ್ಟ್ರಿಂಗ್ ಎರಡೂ ತುಂಡುತುಂಡಾಗಿ ಬರುತ್ತವೆ, ಬೇಕಾದಷ್ಟು ಮಾತ್ರ ಮೆಮೊರಿಗೆ. ಕೇಳೋಕೆ ಚೆನ್ನಾಗಿದೆ. ಆದರೆ ಕಡತವನ್ನು ಲೇಜಿಯಾಗಿ ಓದಿದರೆ ಅದು ಯಾವಾಗ ಮುಚ್ಚುತ್ತದೆ ಅನ್ನೋದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಓದಿದ ಕಡತಕ್ಕೇ ವಾಪಸ್ ಬರೆಯಲು ಹೋದರೆ ಲಾಕ್ ಆಗಿದೆ ಎನ್ನುತ್ತದೆ. ನಿಜವಾಗಿ ದೊಡ್ಡ ಕಡತಗಳಿಗೆ ಕಾಂಡ್ಯುಟ್, ಪೈಪ್ಸ್ ತರದ ಸ್ಟ್ರೀಮಿಂಗ್ ಲೈಬ್ರರಿ ಒಳ್ಳೆಯದು. ಕಡತದ ಬೈಟ್‌ಗಳನ್ನು ಓದುವಾಗ ಏಸನ್, ಸಿಎಸ್‌ವಿ ಲೈಬ್ರರಿ ಕಸಾವಾ ಕೇಳುತ್ತವೆ ಅಂತ ಲೇಜಿ ಬೈಟ್‌ಸ್ಟ್ರಿಂಗ್ ಕೊಡಬೇಕಾಗುತ್ತದೆ, ಕೊಡಿ, ಅಷ್ಟಕ್ಕೇ ಬಿಡಿ. ಬಿಲ್ಡರ್ ಮಾತ್ರ ನಿಜಕ್ಕೂ ಉಪಯೋಗಿ. ಸಾವಿರ ಪಟ್ಟಿಗಳನ್ನು ಒಟ್ಟಿಗೆ ಬರೆಯುವಾಗ ಚೂರುಗಳನ್ನೆಲ್ಲ ಅದಕ್ಕೆ ಕೊಟ್ಟು ಒಂದೇ ಸಲ ಹೊರಗೆ ಹಾಕಬಹುದು.

ಯಾವ ಟೈಪೂ ಕೊಡದ ಅಕ್ಷರ

ಈಗ ಉಳಿದರ್ಧ. ಟೆಕ್ಸ್ಟ್ ಎಣಿಸುವುದು ಕೋಡ್‌ಪಾಯಿಂಟ್‌ಗಳನ್ನು. 'ದಾವಣಗೆರೆ'ಗೆ ಅದು 8 ಎನ್ನುತ್ತದೆ, ನಾವು 5 ಎನ್ನುತ್ತೇವೆ. 'ಚಿತ್ರದುರ್ಗ'ಕ್ಕೆ ಅದು 10, ನಾವು 4. ಅಂತರ ಒಂದೇ ಸಮ ಇದ್ದಿದ್ದರೆ ಗುಣಿಸಿ ಭಾಗಿಸಿ ಸರಿಮಾಡಬಹುದಿತ್ತು. ಇಲ್ಲ ನೋಡಿ.

ಲೆಕ್ಕದ ಪಟ್ಟಿಯಲ್ಲಿ ಊರಿನ ಕಾಲಂ 12 ಮನೆ ಅಗಲ ಎಂದುಕೊಳ್ಳಿ. ಜಸ್ಟಿಫೈ ಲೆಫ್ಟ್ ಫಂಕ್ಷನ್‌ಗೆ 12 ಕೊಟ್ಟರೆ ಅದು ದಾವಣಗೆರೆಯ ಮುಂದೆ 4 ಖಾಲಿ ಜಾಗ ಹಾಕುತ್ತದೆ, ಚಿತ್ರದುರ್ಗದ ಮುಂದೆ 2. ಕಾಗದದ ಮೇಲೆ ದುರ್ಗವೇ ಕಡಿಮೆ ಅಕ್ಷರದ್ದು, ಅದಕ್ಕೇ ಕಡಿಮೆ ಜಾಗ ಸಿಕ್ಕಿತು. ತೂಕದ ಕಾಲಂ ಹಾವಿನ ಹಾಗೆ ಹೊರಳುತ್ತದೆ. ಹೆಸರು ಉದ್ದ ಆಯಿತು ಅಂತ ಟೇಕ್ ಬಳಸಿ ಕತ್ತರಿಸಿದರೆ ಇನ್ನೂ ಅಧ್ವಾನ. ಚಿತ್ರದುರ್ಗದಿಂದ 3 ತೆಗೆದರೆ 'ಚಿತ', 4 ತೆಗೆದರೆ 'ಚಿತ್', 5 ತೆಗೆದರೆ ಮಾತ್ರ 'ಚಿತ್ರ'. ರಿವರ್ಸ್ ಅಂತೂ ಕೇಳಲೇಬೇಡಿ. ದಾವಣಗೆರೆಯನ್ನು ತಿರುಗಿಸಿದರೆ ಮೊದಲು ಒಂಟಿ ಎತ್ವ ಬಂದು, ಆಮೇಲೆ 'ರೆಗಣವಾದ' ಬರುತ್ತದೆ. 'ಗೆ' ಕಳೆದುಕೊಂಡ ಎತ್ವ 'ರ'ಗೆ ಹೋಗಿದೆ, 'ದಾ' ಕಳೆದುಕೊಂಡ ದೀರ್ಘ 'ವ'ಗೆ. ನೋಡೋಕೆ ಒಳ್ಳೇ ಪದದ ಹಾಗೇ ಇದೆ, ಅದೇ ತಮಾಷೆ.

ಇದಕ್ಕಿಂತ ಕೆಟ್ಟದ್ದು ಈಸ್ ಆಲ್ಫಾ. ಹೆಸರಿನಲ್ಲಿ ಅಕ್ಷರ ಮಾತ್ರ ಇರಲಿ ಅಂತ ಫಾರ್ಮಿನಲ್ಲಿ ಈ ಪರೀಕ್ಷೆ ಹಾಕುವುದು ಸಾಮಾನ್ಯ. ಯೂನಿಕೋಡ್ ಪ್ರಕಾರ ಗುಣಿತದ ಚಿಹ್ನೆಗಳು, ಒತ್ತಿನ ಮೊದಲಿನ ವಿರಾಮ, ಇವೆಲ್ಲ ಅಕ್ಷರವಲ್ಲ, ಮಾರ್ಕ್. ಹಾಗಾಗಿ ಈಸ್ ಆಲ್ಫಾದಿಂದ ಫಿಲ್ಟರ್ ಮಾಡಿದರೆ ದಾವಣಗೆರೆ 'ದವಣಗರ' ಆಗುತ್ತದೆ. ಎಲ್ಲವೂ ಅಕ್ಷರವೇ ಇರಬೇಕು ಅಂತ ಹೇಳಿದರೆ ಕನ್ನಡದ ಬಹುಪಾಲು ಹೆಸರುಗಳೇ ತಿರಸ್ಕಾರ. ಈಸ್ ಆಲ್ಫಾ ಅಥವಾ ಈಸ್ ಮಾರ್ಕ್ ಅಂತ ಸೇರಿಸಿ. ಅಂಕಿಗೂ ಹೀಗೇ. ಈಸ್ ಡಿಜಿಟ್ 0ಯಿಂದ 9 ಮಾತ್ರ ಒಪ್ಪುತ್ತದೆ, ೧೨೩ ಒಪ್ಪುವುದಿಲ್ಲ. ಈಸ್ ನಂಬರ್ ಒಪ್ಪುತ್ತದೆ.

ಪರಿಹಾರ ಏನು? ಐಸಿಯು ಅನ್ನೋ ದೊಡ್ಡ ಸಿ ಲೈಬ್ರರಿಗೆ ಕಟ್ಟಿರುವ ಟೆಕ್ಸ್ಟ್-ಐಸಿಯು ಪ್ಯಾಕೇಜ್ ಇದೆ. ಪಠ್ಯವನ್ನು ಯೂನಿಕೋಡ್ ನಿಯಮದಂತೆ ತುಂಡು ಮಾಡಿಕೊಡುತ್ತದೆ. ಒತ್ತಕ್ಷರದ ವಿಷಯದಲ್ಲಿ ನಮಗೆ ಬೇಕಾದ ಹಾಗೇ ತುಂಡಾಗುತ್ತದೆಯಾ ಅಂತ ನಿಮ್ಮ ಆವೃತ್ತಿಯಲ್ಲಿ 'ತ್ರ', 'ರ್ಗ' ಹಾಕಿ ನೋಡಿಕೊಳ್ಳಿ. ಅಂಗಡಿಯ ವಿಂಡೋಸ್ ಯಂತ್ರಕ್ಕೆ ಆ ಸಿ ಲೈಬ್ರರಿ ಹಾಕುವ ರಗಳೆ ಬೇಡ ಎಂದರೆ ನಾಲ್ಕು ಸಾಲಿನ ಫಂಕ್ಷನ್ ಬರೆದುಕೊಳ್ಳಬಹುದು. ನಿಯಮ ಇಷ್ಟೇ. ಒಂದೊಂದೇ ಕೋಡ್‌ಪಾಯಿಂಟ್ ನೋಡುತ್ತಾ ಹೋಗಿ. ಅದು ಮಾರ್ಕ್ ಆಗಿದ್ದರೆ ಹಿಂದಿನ ತುಂಡಿಗೆ ಅಂಟಿಸಿ. ಕಣ್ಣಿಗೆ ಕಾಣದ ಜೋಡಕ, ಬೇರ್ಪಡಕ ಗುರುತು, ಅಂದರೆ 8205, 8204 ಆಗಿದ್ದರೂ ಅಂಟಿಸಿ. ತಕ್ಷಣ ಹಿಂದಿನದು ವಿರಾಮ, ಸಂಕೇತ 3277, ಆಗಿದ್ದು ಈಗ ಬಂದದ್ದು ಕನ್ನಡದ ವ್ಯಂಜನ ಆಗಿದ್ದರೂ ಅಂಟಿಸಿ. ಇಲ್ಲವಾದರೆ ಹೊಸ ತುಂಡು. ಫೋಲ್ಡ್ ಕಲಿತವರಿಗೆ ಇದು ಒಳ್ಳೇ ಅಭ್ಯಾಸ. ಎಣಿಕೆ, ಕತ್ತರಿಸುವುದು, ತಿರುಗಿಸುವುದು ಎಲ್ಲ ಈ ತುಂಡುಗಳ ಲಿಸ್ಟಿನ ಮೇಲೆ ಮಾಡಿ. ಕಾಲಂ ಅಗಲಕ್ಕೆ ಮಾತ್ರ ಇದೂ ಪೂರ್ತಿ ಸಾಲದು, ಫಾಂಟಿನಲ್ಲಿ 'ಣ'ದ ಅಗಲ ಬೇರೆ, 'ರ'ದ ಅಗಲ ಬೇರೆ. ಪಟ್ಟಿಯನ್ನು ಎಚ್‌ಟಿಎಂಎಲ್ ಟೇಬಲ್ ಮಾಡಿ ಮುದ್ರಿಸುವುದೇ ಜಾಣತನ.

ಹೋಲಿಸುವಾಗಲೂ ಒಂದು ತೊಡಕು. 'ಹೊನ್ನಾಳಿ'ಯ ಒತ್ವವನ್ನು 3274 ಎಂಬ ಒಂದೇ ಸಂಕೇತವಾಗಿ ಇಡಬಹುದು, 3270 ಮತ್ತು 3266 ಎಂಬ ಎರಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಟೆಕ್ಸ್ಟ್‌ನ ಸಮ ಚಿಹ್ನೆಗೆ ಎರಡೂ ಬೇರೆ. ಊರುವಾರು ಜೋಡಿಸಿದರೆ ಎರಡು ಹೊನ್ನಾಳಿ ಬರುತ್ತವೆ, ಮೊತ್ತವೂ ಎರಡಾಗಿ ಒಡೆಯುತ್ತದೆ. ಡಿಕೋಡ್ ಆದ ಕೂಡಲೇ ಎನ್‌ಎಫ್‌ಸಿ, ಅಂದರೆ ಇಂಥ ಜೋಡಿಗಳನ್ನು ಒಂದೇ ಸಂಕೇತ ಮಾಡುವ ರೂಪಕ್ಕೆ ತನ್ನಿ. ಯೂನಿಕೋಡ್-ಟ್ರಾನ್ಸ್‌ಫಾರ್ಮ್ಸ್ ಪ್ಯಾಕೇಜ್ ಸಾಕು, ಅದಕ್ಕೆ ಐಸಿಯು ಬೇಕಿಲ್ಲ.

ಅಕಾರಾದಿಯಲ್ಲಿ ಇನ್ನೊಂದು. ಟೆಕ್ಸ್ಟ್ ಸಾರ್ಟ್ ಮಾಡುವುದು ಸಂಕೇತದ ಸಂಖ್ಯೆ ನೋಡಿ. ಯೂನಿಕೋಡ್ ಪಟ್ಟಿಯಲ್ಲಿ 'ಳ' ಇರುವುದು 'ಲ' ಪಕ್ಕದಲ್ಲಿ, 'ವ'ಗಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ಕಟ್ಟಕಡೆಗೆ, 'ಹ' ಆದ ಮೇಲೆ. ದುರ್ಗ ಜಿಲ್ಲೆಯ ತಾಲ್ಲೂಕುಗಳನ್ನು ಸಾರ್ಟ್‌ಗೆ ಹಾಕಿದರೆ ಹೊಳಲ್ಕೆರೆ ಮೊದಲು, ಹೊಸದುರ್ಗ ಆಮೇಲೆ ಬರುತ್ತದೆ. ವರ್ಣಮಾಲೆ ಹಿಡಿದರೆ ಹೊಸದುರ್ಗವೇ ಮೊದಲು. ಐಸಿಯು ಕೊಲೇಟರ್‌ಗೆ ಕನ್ನಡದ ಲೊಕೇಲ್ ಕೊಟ್ಟು ಜೋಡಿಸಬಹುದು. ಅಥವಾ ಸಾರ್ಟ್ ಕೀ ಮಾಡುವಾಗ 'ಳ' ಸಂಕೇತವನ್ನು 'ಹ'ದ ಮುಂದಿನ ಸಂಖ್ಯೆಗೆ ಬದಲಿಸಿ, ಸಾರ್ಟ್ ಆನ್ ಬಳಸಿ. ನನಗೆ ಎರಡನೆಯದೇ ಇಷ್ಟ. ಒಂದು ಸಾಲು, ಬೇರೆಯವರ ಹಂಗಿಲ್ಲ.

ಬೇರೆ ಫಂಕ್ಷನಲ್ ಭಾಷೆ ಹಿಡಿದರೆ?

ಇಷ್ಟೆಲ್ಲ ರಗಳೆ ಹ್ಯಾಸ್ಕೆಲ್‌ನದ್ದೇ ಅಲ್ವಾ ಅಂತ ಕೇಳಬಹುದು. ಅರ್ಧ ಹೌದು. ಎಲಿಕ್ಸರ್‌ನಲ್ಲಿ ಸ್ಟ್ರಿಂಗ್ ಅಂದರೆ ಯುಟಿಎಫ್-8 ಬೈನರಿ, ಅದೊಂದೇ. ಅದರ ಲೆಂಗ್ತ್ ಕೋಡ್‌ಪಾಯಿಂಟ್ ಬಿಟ್ಟು ಗ್ರಾಫೀಮ್, ಅಂದರೆ ಕಣ್ಣಿಗೆ ಒಂದಾಗಿ ಕಾಣುವ ತುಂಡು, ಎಣಿಸುತ್ತದೆ. ದಾವಣಗೆರೆಗೆ ಸರಿಯಾಗಿ 5 ಕೊಡುತ್ತದೆ, ಬೈಟ್ ಸೈಜ್ ಕೇಳಿದರೆ 24. ಕನ್ನಡದ ವೆಬ್‌ಸೈಟ್ ಮಾತ್ರ ಮಾಡುವ ಉದ್ದೇಶವಿದ್ದು, ಭಾಷೆ ಇನ್ನೂ ಆರಿಸಿಲ್ಲ ಅಂದರೆ ನಾನು ಎಲಿಕ್ಸರ್ ಕಡೆಗೇ ಕೈ ತೋರಿಸುತ್ತೇನೆ. ಓಕ್ಯಾಮಲ್ ಇದಕ್ಕೆ ಉಲ್ಟಾ. ಅಲ್ಲಿ ಸ್ಟ್ರಿಂಗ್ ಬರೀ ಬೈಟ್‌ಗಳ ಸಾಲು, ಲೆಂಗ್ತ್ ಕೇಳಿದರೆ 24. 4.14ರಿಂದ ಯುಟಿಎಫ್-8 ಬಿಡಿಸಿ ಓದುವ ಫಂಕ್ಷನ್‌ಗಳು ಸ್ಟ್ಯಾಂಡರ್ಡ್ ಲೈಬ್ರರಿಗೆ ಬಂದಿವೆ, ಉಳಿದದ್ದು ನಿಮ್ಮ ಪಾಡು. ಹ್ಯಾಸ್ಕೆಲ್‌ನ ಗೊಂದಲಕ್ಕೆ ಒಂದು ಬೆಲೆ ಇದೆ: ಬೈಟ್ ಯಾವುದು, ಪಠ್ಯ ಯಾವುದು ಅಂತ ಟೈಪಿನಲ್ಲೇ ಬರೆದಿರುತ್ತದೆ. ಓಕ್ಯಾಮಲ್‌ನಲ್ಲಿ ಅದನ್ನು ನಾವೇ ನೆನಪಿಟ್ಟುಕೊಳ್ಳಬೇಕು.

ಹಳೇ ಪ್ರೋಗ್ರಾಮ್ ಸ್ಟ್ರಿಂಗ್‌ನಲ್ಲಿ ಇದ್ದರೆ

ಒಂದೇ ದಿನ ಎಲ್ಲ ಬದಲಿಸಲು ಹೋಗಬೇಡಿ. ಮೊದಲು ರೆಕಾರ್ಡ್ ಟೈಪ್‌ಗಳಲ್ಲಿ ಇರುವ ಸ್ಟ್ರಿಂಗ್ ಅನ್ನು ಟೆಕ್ಸ್ಟ್ ಮಾಡಿ. ರೈತ, ಊರು, ಸರಕು ಇಷ್ಟು ಸಾಕು. ಕಂಪೈಲರ್ ಎಲ್ಲೆಲ್ಲಿ ಒಡೆಯಿತು ಅಂತ ತೋರಿಸುತ್ತದೆ, ಅಲ್ಲಿ ತಾತ್ಕಾಲಿಕವಾಗಿ ಪ್ಯಾಕ್, ಅನ್‌ಪ್ಯಾಕ್ ಹಾಕಿ ಕಂಪೈಲ್ ಆಗುವ ಹಾಗೆ ಮಾಡಿ. ಆಮೇಲೆ ಓದುವ, ಬರೆಯುವ ಜಾಗಗಳನ್ನು ಬೈಟ್‌ಸ್ಟ್ರಿಂಗ್‌ಗೆ ತನ್ನಿ. ನಡುವಿನ ಪ್ಯಾಕ್, ಅನ್‌ಪ್ಯಾಕ್‌ಗಳು ತಾವಾಗಿ ಒಂದೊಂದೇ ಬೇಡವಾಗುತ್ತಾ ಹೋಗುತ್ತವೆ. ಕೊನೆಗೆ ಎರರ್ ಸಂದೇಶ, ಶೋ, ಕಡತದ ಹೆಸರು ಇವುಗಳಲ್ಲಿ ಮಾತ್ರ ಸ್ಟ್ರಿಂಗ್ ಉಳಿಯುತ್ತದೆ. ಕಡತದ ಹೆಸರಿಗೆ ಓಎಸ್‌ಪಾತ್ ಅನ್ನೋ ಹೊಸ ಟೈಪ್ ಬಂದಿದೆ. ಕಡತಗಳಿಗೆ 'ಜಗಳೂರು_ಮೆಕ್ಕೆಜೋಳ' ಅಂತ ಕನ್ನಡದಲ್ಲೇ ಹೆಸರಿಡುವ ಅಭ್ಯಾಸ ನಿಮ್ಮ ಅಂಗಡಿಯಲ್ಲಿ ಇದ್ದರೆ ಅದನ್ನೂ ನೋಡಿ, ಇಲ್ಲದಿದ್ದರೆ ಸದ್ಯಕ್ಕೆ ಸ್ಟ್ರಿಂಗ್ ಇರಲಿ ಬಿಡಿ.